ಖಾತೆದಾರನ ಹೆಸರು

2024ರ ಮಾರ್ಚ್ 14, ಗುರುವಾರ ಬೆಳಿಗ್ಗೆ 11.20. ಖಟಕ ಚಿಂಚೋಳಿಯ ಶೇವಂತಾಬಾಯಿ ಎರಡು ಬಸ್ಸು ಬದಲಿಸಿ ಬೀದರದ ಸೈಬರ್ ಠಾಣೆಗೆ ಬಂದಳು. ಠಾಣೆಯ ಕೊಡದಲ್ಲಿ ನೀರಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಕಸ್ತೂರಿಬಾಯಿ ತನ್ನ ಬಾಟಲಿ ಕೊಟ್ಟಳು.

ದೂರು ಇಷ್ಟು: 12ರ ಮಧ್ಯಾಹ್ನ ಪುಣೆಯ ದವಾಖಾನೆಯವಳೆಂದು ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಕಟ್ಟಡ ಕೆಲಸಕ್ಕೆ ಹೋದ ಗಂಡ ಬಿದ್ದಿದ್ದಾನೆ, ತಾಸಿನೊಳಗೆ ಇಪ್ಪತ್ತು ಸಾವಿರ ಕಳಿಸು ಎಂದಿದ್ದಳು. ಕೆಲಸದ ಹೊತ್ತಿನಲ್ಲಿ ಗಂಡನ ಫೋನ್ ಯಾವಾಗಲೂ ಬಂದ್. ಮಗಳ ನರ್ಸಿಂಗ್ ಕಾಲೇಜಿನ ಫೀಸೆಂದು ಗಂಡನ ಖಾತೆಯಲ್ಲಿದ್ದ ಹಣವನ್ನು, ಅವನು ಮನೆಯಲ್ಲಿ ಬಿಟ್ಟುಹೋದ ಎಟಿಎಂ ಕಾರ್ಡ್ ಕೊಟ್ಟು, ಊರಿನ ಬ್ಯಾಂಕ್ ಸೇವಾ ಕೇಂದ್ರದಿಂದ ಕಳಿಸಿದಳು. ಸಂಜೆ ಏಳಕ್ಕೆ ಗಂಡನೇ ಫೋನ್ ಮಾಡಿ, ಊಟ ಆಯ್ತೇನು ಎಂದು ಕೇಳಿದ.

"1930 ಸಹಾಯವಾಣಿಗಿ ಯಾಕ ಹೇಳಲಿಲ್ಲ?" ಇನ್‌ಸ್ಪೆಕ್ಟರ್ ಶಿವರಾಜಪ್ಪ ಕೇಳಿದರು.

"ಅವತ್ತ ಸಂಜಿಗೇ ಹಚ್ಚಿದ್ನಿರಿ. ಖಾತೆದಾರನ ಹೆಸರು ಹೇಳು ಅಂದ್ರು. ಕಟ್ ಮಾಡಿದ್ನಿ."

"ಯಾಕ?"



"ಗಂಡನ ಹೆಸರು ಹ್ಯಾಂಗ ಹೇಳ್ತಾಳ್ರಿ ಸಾಹೇಬ್ರ," ಎಂದಳು ಕಸ್ತೂರಿಬಾಯಿ. "ಪಾಸ್‌ಬುಕ್ ತಾ ಅವ್ವ."

ಪಾಸ್‌ಬುಕ್ಕಿನಲ್ಲಿ ಪಂಢರಿ ಎಂದಿತ್ತು. ಎಫ್‌ಐಆರ್‌ನಲ್ಲಿ ಹಾಗೆಯೇ ಬರೆದರು.

"ಫೋನಿನಾಕಿಗಿ ಗಂಡನ ಹೆಸರು ಹೇಳಿದಿ ಏನು?" ಶಿವರಾಜಪ್ಪ ಕೇಳಿದರು.

"ಕೇಳಿದ್ಲುರಿ. ನಾ ಸುಮ್ಮನಿದ್ದೆ. ಆಕಿನೂ ಭಾಳ ಹೊತ್ತ ಸುಮ್ಮನಿದ್ಲು. ಆಮ್ಯಾಲ ತಾನೇ ಹೇಳಿದ್ಲು. ನಮ್ಮ ಕಡಿ ಮಾತೇ ಆಡ್ತಿದ್ಲುರಿ."

ಶಿವರಾಜಪ್ಪ ಅವಳ ಫೋನ್ ತೆರೆದರು. ಗಂಡನ ನಂಬರಿನ ಮುಂದೆ ಹೆಸರಿನ ಜೊತೆ ಸೂರ್ಯನ ಚಿತ್ರವಿತ್ತು.

"ಇದನ್ನ ಹಾಕಿಕೊಟ್ಟೋರು ಯಾರು?"

"ಭಾಲ್ಕಿ ಬಸ್‌ಸ್ಟ್ಯಾಂಡಿನ ರಿಚಾರ್ಜ್ ದುಕಾನಿನ ಬಾಯಿ. ಓದಾಕ ಬರಲ್ದವ್ರಿಗಿ ಹಂಗ ಹಾಕಿಕೊಡ್ತಾಳ್ರಿ."

18ರಂದು ಬ್ಯಾಂಕಿನ ಉತ್ತರ ಬಂತು. ಹಣ ಹೋದ ಖಾತೆ ಔರಾದ ತಾಲೂಕು ಚಿಂತಾಕಿಯ ಮಚ್ಛೇಂದ್ರನದು. 13ರ ಬೆಳಿಗ್ಗೆ 10.05ಕ್ಕೆ ಔರಾದಿನ ಎಟಿಎಂನಲ್ಲಿ ತೆಗೆಯಲಾಗಿತ್ತು. ಶೇವಂತಾಬಾಯಿ 1930ರ ಫೋನ್ ಕಟ್ ಮಾಡಿದ ಮೇಲೂ ಇಡೀ ರಾತ್ರಿ ಹಣ ಅಲ್ಲೇ ಇತ್ತು.

ಅಂದೇ ಚಿಂತಾಕಿಗೆ ಹೋದರೆ, ದುಡಿಯಲು ಊರು ಬಿಟ್ಟವರ ಅರ್ಧ ಮನೆಗಳಿಗೆ ಬೀಗ. ಪಂಚಾಯಿತಿಯ ದಾಖಲೆಯಲ್ಲಿ ಮಚ್ಛೇಂದ್ರ 2022ರಲ್ಲಿ ಪುಣೆಯಲ್ಲಿ ತೀರಿಕೊಂಡಿದ್ದ.

"ಸತ್ತಾಂವ ಎಟಿಎಂಗಿ ಹೋಗ್ಯಾನ ಸಾಹೇಬ್ರ," ಎಂದ ಕಾನ್‌ಸ್ಟೇಬಲ್ ಹಬೀಬ. "ನಮಗ ಪಗಾರ ತಗ್ಯಾಕ ಪುರಸತ್ತಿಲ್ಲ."

ಪಕ್ಕದ ಮನೆಯ ಬಿಸ್ಮಿಲ್ಲಾಬೀ ಹೇಳಿದಳು: "ಆತನ ಹೇಣ್ತಿ ಸುಭದ್ರಾ ಭಾಲ್ಕಿದಾಗ ಇರ್ತಾಳ್ರಿ. ಬಸ್‌ಸ್ಟ್ಯಾಂಡಿನ್ಯಾಗ ರಿಚಾರ್ಜ್ ದುಕಾನ ಅದ."

ಅದೇ ದಿನ ಮಧ್ಯಾಹ್ನ 3.30ಕ್ಕೆ ಇಬ್ಬರು ಪಂಚರ ಸಮಕ್ಷಮ ಅಂಗಡಿಯ ಪಂಚನಾಮೆ ನಡೆಯಿತು. ಸಿಕ್ಕದ್ದು ಸತ್ತವನ ಎಟಿಎಂ ಕಾರ್ಡ್, ಒಂದು ಸಿಮ್, ಒಂದು ಲಕೋಟೆ. ಲಕೋಟೆಯಲ್ಲಿ ಐನೂರರ ನಲವತ್ತು ನೋಟು. ಒಂದೂ ಖರ್ಚಾಗಿರಲಿಲ್ಲ.

ಆದರೂ ಕೋರ್ಟಿನ ಆದೇಶವಿಲ್ಲದೆ ಅದನ್ನು ಶೇವಂತಾಬಾಯಿಗೆ ಕೊಡುವಂತಿರಲಿಲ್ಲ. ಫೀಸು ಕಟ್ಟಲು ಮಾರ್ಚ್ 20 ಕೊನೆಯ ದಿನ. ಶಿವರಾಜಪ್ಪ ಕಾಲೇಜಿಗೆ ಫೋನ್ ಮಾಡಿ ಹದಿನೈದು ದಿನ ಕೇಳಿದರು. ಹತ್ತು ದಿನ ಕೊಟ್ಟರು.

ಠಾಣೆಯಲ್ಲಿ ಕಸ್ತೂರಿಬಾಯಿ ಬಂಧನದ ಪತ್ರ ತುಂಬುತ್ತಿದ್ದಳು.

"ಗಂಡನ ಹೆಸರು?" ಕೇಳಿ, ರೂಢಿಯಂತೆ ಆಧಾರ್ ಕಾರ್ಡಿಗೆ ಕೈಚಾಚಿದಳು.

"ಮಚ್ಛೇಂದ್ರ," ಎಂದಳು ಸುಭದ್ರಾಬಾಯಿ.

ಕಸ್ತೂರಿಬಾಯಿಯ ಪೆನ್ನು ನಿಂತಿತು.

"ಈಗ ಹೇಳ್ತೇನಿರಿ. ಆತ ಸತ್ತ ದಿನ ಪುಣೆ ದವಾಖಾನಿಯವ್ರು ಫೋನ್ ಮಾಡಿ, ಆಪರೇಷನ್‌ಗಿ ಒಪ್ಪಿಗಿ ಬೇಕು, ಪೇಷಂಟ್ ಹೆಸರು ಹೇಳು ಅಂದ್ರು. ಬಾಯಿ ಬರಲಿಲ್ಲ. ಹೇಳೋರನ್ನ ಹುಡುಕ್ಕೋತ ಹೋದ್ನಿ. ತಿರುಗಿ ಹಚ್ಚೂದ್ರಾಗ ಮುಗದಿತ್ತು."

"ಅದಕ್ಕ ಮಂದಿಗಿ ಮೋಸ ಮಾಡ್ತಿ?" ಎಂದರು ಶಿವರಾಜಪ್ಪ.

"ಬ್ಯಾರೆ ಹೆಣ್ಮಕ್ಕಳು ಹೇಳ್ತಾರೇನು, ನೋಡಬೇಕಾಗಿತ್ತರಿ."

"ಎಷ್ಟ ಮಂದಿಗಿ ಹಚ್ಚಿದಿ?"

"ನಾಕು ಮಂದಿಗಿ. ಇಬ್ಬರ ಕಡಿ ರೊಕ್ಕಿರಲಿಲ್ಲ. ಹಲಬರ್ಗಾ ಊರಿನಾಕಿ ಒಬ್ಬಾಕಿ, ಕೇಳಿದ ಕೂಡ್ಲೇ ಗಂಡನ ಹೆಸರು ಹೇಳಿಬಿಟ್ಲು."

"ಆಕಿಗಿ ಏನಂದಿ?"

"ರಾಂಗ್ ನಂಬರ್ ಅಂದ್ನಿ."

ಸಂಜೆ 6.10ಕ್ಕೆ ಬಂಧನ ದಾಖಲಾಯಿತು.