ನಾಲ್ಕು ರಾಣಿಯರು, ಇಪ್ಪತ್ತೊಂದು ಹುಣಸೆ ಬೀಜ

ಗುಂಡವ್ವ ಕೈಯಲ್ಲಿದ್ದ ಇಸ್ಪೀಟು ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ನಾಲ್ಕು ರಾಣಿಯರು! ರಾವಸಾಬನ ಒಣದ್ರಾಕ್ಷಿ ಶೆಡ್ಡಿನಲ್ಲಿ ಎಲ್ಲರೂ ಮೇಜಿನ ಮೇಲೆ ಬಾಗಿದರು. ಜನ್ಮಕ್ಕೊಮ್ಮೆ ಬರುವಂಥ ಎಲೆ. ಆದರೆ ಯುನೂಸ, ರಾವಸಾಬ ಇಬ್ಬರೂ ಆಗಲೇ ತಮ್ಮ ಎಲೆ ಕೆಡವಿ ಹೊರಗುಳಿದಿದ್ದರು. ಅಷ್ಟು ದೊಡ್ಡ ಎಲೆಗೆ ಆಕೆ ಗೆದ್ದದ್ದು ನಾಲ್ಕಾರು ಹುಣಸೆ ಬೀಜ.

"ಇದು ಮೂರನೇ ಸಲ," ಎಂದಳು ಗುಂಡವ್ವ. "ನನಗ ಚಲೋ ಎಲಿ ಬಂದಾಗಷ್ಟ ಎಲ್ಲಾರೂ ಓಡಿ ಹೋಗ್ತೀರಿ. ಎಲಿಗೆ ಯಾರೋ ಗುರ್ತು ಹಾಕ್ಯಾರ. ಯುನೂಸ, ಇಸ್ಪೀಟ ಕಟ್ಟು ತಂದಾಂವ ನೀನ ಅಲ್ಲೇನು?"

ಯುನೂಸನ ಮುಖ ಸಣ್ಣದಾಯಿತು. ಗುಂಡವ್ವ ಇಂಡಿ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಮಾರುವವಳು. ಆಕೆಯ ಮಾಲು ಹೊತ್ತು ತರುವುದು ಯುನೂಸನ ಟೆಂಪೊ. ಅವನ ಮಗಳು ಕೌಸರಳ ತೊಟ್ಟಿಲು ತೂಗಿದವಳೂ ಆಕೆಯೇ. ಅಂಥವಳ ಬಾಯಲ್ಲಿ ಈ ಮಾತು!

ನಮ್ಮ ಪೋಕರ್ ಆಟದಲ್ಲಿ ದುಡ್ಡಿಲ್ಲ, ಬರೀ ಹುಣಸೆ ಬೀಜ. ಎಲೆ ಮುಚ್ಚಿಟ್ಟುಕೊಂಡು ಬೀಜ ಒಡ್ಡಬೇಕು; ಹೆದರಿದವರು ಎಲೆ ಕೆಡವಬಹುದು. ಒಳ್ಳೆಯ ಎಲೆ ಬಂದಾಗ ಎಷ್ಟು ಒಡ್ಡಿದರೆ ಎದುರಿನವರು ಓಡದೆ ಒಳಗೆ ಬರುತ್ತಾರೆ ಎಂದು ತೂಗಿ ನೋಡುವುದೇ ಜಾಣತನ. ಮುಂದಿನ ಭಾನುವಾರ ಬಸವನ ಬಾಗೇವಾಡಿಯಲ್ಲಿ ಪಂದ್ಯವಿತ್ತು. ಸಿಂದಗಿ, ಮುದ್ದೇಬಿಹಾಳದವರೂ ಬರುವವರಿದ್ದರು. ನಮ್ಮ ಇಂಡಿ ಊರಿನ ಜೋಡಿ ಗುಂಡವ್ವ ಮತ್ತು ಯುನೂಸ. ಕಳ್ಳನ ಜೊತೆ ತಾನು ಬಾಗೇವಾಡಿಗೂ ಹೋಗುವುದಿಲ್ಲ, ನಾಳೆಯಿಂದ ಅವನ ಟೆಂಪೊಗೆ ಮಾಲನ್ನೂ ಏರಿಸುವುದಿಲ್ಲ ಎಂದು ಗುಂಡವ್ವ ಎದ್ದೇ ಬಿಟ್ಟಳು.

ಆಕೆಯನ್ನು ತಡೆದು ಕೂರಿಸಿ ನಾನು ಬಸಣ್ಣನಿಗೆ ಫೋನು ಹಚ್ಚಿದೆ. ನಾನು ಬಸ್ ಓಡಿಸಿದವನು, ಅವನು ಅದೇ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡಿದವನು. ನಿವೃತ್ತನಾದರೂ ಚಟ ಹೋಗಿಲ್ಲ. ಬಾಯಲ್ಲಿ ಶೇಂಗಾ ಆಡಿಸುತ್ತಲೇ ಬಂದ. ಮೇಜಿನ ಮೇಲಿನದನ್ನು ಯಾರೂ ಮುಟ್ಟಬಾರದು ಎಂದ.

ಮೊದಲು ಒಂದೊಂದೇ ಎಲೆಯನ್ನು ಬಿಸಿಲಿಗೆ ಹಿಡಿದ. ಅಂಚಿನ ಮೇಲೆ ಬೆರಳಾಡಿಸಿದ. ಗೀರಿಲ್ಲ, ಚುಕ್ಕೆಯಿಲ್ಲ. ಆಮೇಲೆ ನನ್ನ ಕಡೆ ತಿರುಗಿದ.

"ಸುಭಾಸ, ಅಕ್ಕಾರ ಬೆನ್ನ ಹಿಂದ ನಿಂತಾಂವ ನೀನ. ಏನ್ ಮಾಡಾಕತ್ತಿದ್ದಿ?"

"ಚಹಾ ಕುಡಿಯಾಕತ್ತಿದ್ದೆ." ಮೊದಲ ಸುತ್ತಿನಲ್ಲೇ ಸೋತವನಿಗೆ ಇನ್ನೇನು ಕೆಲಸ? ಆಕೆಯ ಎಲೆ ಕಂಡು ಸನ್ನೆ ಮಾಡಿರಬಹುದೆಂದು ನನ್ನನ್ನೂ ಸಂಶಯದ ಸಾಲಿಗೆ ಸೇರಿಸಿದ್ದಕ್ಕೆ ಸಿಟ್ಟು ಬಂತು. ಬಸಣ್ಣ ಮಾತ್ರ, ಇವನ ಮುಖ ನೋಡಿ ಯಾರೂ ಏನೂ ತಿಳಿಯಲಾರರು, ಅಲ್ಲಿ ತಿಳಿಯುವಂಥದ್ದು ಏನೂ ಇರುವುದಿಲ್ಲ ಎಂದು ನನ್ನನ್ನು ಬಿಟ್ಟುಬಿಟ್ಟ. ಎಲ್ಲರೂ ನಕ್ಕರು, ಗುಂಡವ್ವನನ್ನು ಬಿಟ್ಟು.

ರಾವಸಾಬನನ್ನು ಕೇಳಿದರೆ, ಯುನೂಸ ಕೆಡವಿದ್ದು ನೋಡಿ ತಾನೂ ಕೆಡವಿದೆ ಎಂದ. ಸರಿ, ಯುನೂಸ?

"ಅಕ್ಕನ ಕಡೆ ದೊಡ್ಡ ಎಲಿ ಐತಿ ಅನಿಸ್ತರಿ."

"ಹೆಂಗ ಅನಿಸ್ತು?"

"ಗೊತ್ತಿಲ್ರಿ. ಅನಿಸ್ತು, ಅಷ್ಟ."

ಕೆಟ್ಟ ಉತ್ತರ. ಗುಂಡವ್ವ ತನ್ನ ನಿಂಬೆಹಣ್ಣಿನ ಬುಟ್ಟಿಗೆ ಕೈ ಹಾಕಿದಳು, ಹೊರಡಲು. ಬಸಣ್ಣ ತಡೆದ. ಮೇಜಿನ ನಡುವೆ ಆಕೆ ಒಡ್ಡಿದ್ದ ಬೀಜ ಎಣಿಸಿದ — ಇಪ್ಪತ್ತೊಂದು. ಹಿಂದಿನ ಎರಡು ಒಳ್ಳೆಯ ಎಲೆಗೆ ಎಷ್ಟು ಒಡ್ಡಿದ್ದಿರಿ? ಹದಿನಾರು, ಮೂವತ್ತೊಂದು. ಸುಮ್ಮನೆ ಹೆದರಿಸಲು ಒಡ್ಡಿದಾಗ? ಹದಿನೈದು, ಇಪ್ಪತ್ತು. ನನಗೆ ಆಕಳಿಕೆ ಬಂತು. ಬಸಣ್ಣನ ಕಣ್ಣು ಮಾತ್ರ ಹೊಳೆಯಿತು.

"ಅಕ್ಕಾರ, ನನಗ ಹತ್ತು ನಿಂಬಿಹಣ್ಣು ಕೊಡ್ರಿ. ಚಲೋವು."

ಈ ಹೊತ್ತಿನಲ್ಲಿ ನಿಂಬೆಹಣ್ಣೇ? ಆಕೆ ಗೊಣಗುತ್ತಲೇ ಎಣಿಸಿದಳು. ಐದು, ಇನ್ನೈದು. ಆಮೇಲೆ ಒಂದನ್ನು ಮೇಲೆ ಹಾಕಿದಳು. ಈಗ ಬಸಣ್ಣ ಬುಟ್ಟಿಯ ತಳದ ಮೆತ್ತಗಾದವು ಹತ್ತು ಬೇಕೆಂದ. ಐದು, ಇನ್ನೈದು. ಕೈ ಅಲ್ಲಿಗೇ ನಿಂತಿತು.

"ಇದಕ್ಕ ಕೊಸರು ಇಲ್ಲೇನ್ರಿ?"

"ಹುಳುಕು ಮಾಲಿಗೆ ಬೇಕಾರ ರೇಟು ಇಳಸ್ತೇನಿ. ಕೊಸರು ಹಾಕಂಗಿಲ್ಲ. ಚಲೋ ಮಾಲು ಕೊಟ್ಟಾಗ ಖುಷಿಗೆ ಒಂದು ಹಾಕೋದು," ಎಂದಳು ಗುಂಡವ್ವ.

"ಕಳ್ಳ ಸಿಕ್ಕಾನ," ಎಂದ ಬಸಣ್ಣ. "ನಿಮ್ಮ ಬಲಗೈ."

ಎಲ್ಲರೂ ಬಲಗೈ ನೋಡಿದೆವು. ಬಸಣ್ಣ ಬಿಡಿಸಿ ಹೇಳಿದ. ಗುಂಡವ್ವ ಬೀಜ ಒಡ್ಡುವುದೂ ಹಣ್ಣು ಎಣಿಸಿದ ಹಾಗೆಯೇ, ಐದೈದರ ಲೆಕ್ಕ. ಎಲೆ ಹುಳುಕಾಗಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಎಲೆ ಒಳ್ಳೆಯದಿದ್ದರೆ? ಮನಸ್ಸು ಉಬ್ಬುತ್ತದೆ, ಕೈ ತಾನಾಗಿ ಒಂದು ಕೊಸರು ಹಾಕುತ್ತದೆ. ಹದಿನಾರು, ಇಪ್ಪತ್ತೊಂದು, ಮೂವತ್ತೊಂದು. ವರ್ಷಗಟ್ಟಲೆ ಆಕೆಯ ವ್ಯಾಪಾರ ನೋಡಿದ ಯುನೂಸನ ಕಣ್ಣಿಗೆ ಅದು ಬಿತ್ತು. ಏನು ಕಂಡೆ ಎಂಬುದು ಅವನಿಗೇ ತಿಳಿಯಲಿಲ್ಲ. ನಾವೆಲ್ಲ ಎಲೆಗಳನ್ನೇ ಮೂಸಿ ನೋಡುತ್ತಿದ್ದೆವು, ಮೇಲಿನ ಆ ಒಂದು ಬೀಜವನ್ನು ನೋಡಲೇ ಇಲ್ಲ.

ಗುಂಡವ್ವ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ತನ್ನ ಕೈ ಈ ಚಟ ಬಿಡುವುದಿಲ್ಲವಲ್ಲ, ಬಾಗೇವಾಡಿಯಲ್ಲಿ ಏನು ಗತಿ ಎಂದು ಕೇಳಿದಳು. ಬಿಡುವುದು ಯಾಕೆ, ಎಲೆ ಒಳ್ಳೆಯದಿರಲಿ ಹುಳುಕಿರಲಿ, ಪ್ರತಿ ಸಲವೂ ಕೊಸರು ಹಾಕಿ ಎಂದ ಬಸಣ್ಣ.

ಆಕೆ ಬುಟ್ಟಿ ಕೆಳಗಿಟ್ಟಳು. ಇನ್ನೊಂದು ಆಟ ಹಾಕು ಎಂದು ಯುನೂಸನಿಗೆ ಸನ್ನೆ ಮಾಡಿದಳು. ಅವನು ತಲೆಯೆತ್ತದೆ ಎಲೆ ಹಂಚಿದ. ಆಕೆ ಎಲೆ ನೋಡಿ ಐದೈದರಂತೆ ಇಪ್ಪತ್ತು ಬೀಜ ದೂಡಿದಳು. ನಿಂತಳು. ನಿಧಾನವಾಗಿ ಇನ್ನೊಂದನ್ನು ಮೇಲಿಟ್ಟಳು.

ಯುನೂಸ ಆ ಬೀಜವನ್ನೇ ನೋಡಿದ, ನಿಜದ ಕೊಸರೋ ಸುಳ್ಳು ಕೊಸರೋ ತಿಳಿಯದೆ. ಗಲ್ಲ ತುರಿಸಿಕೊಂಡ. ಕೊನೆಗೆ ಎರಡು ರಾಜರಿದ್ದ ಎಲೆಯನ್ನು ಕೆಡವಿದ.

ಗುಂಡವ್ವ ತನ್ನ ಎಲೆ ತಿರುಗಿಸಿದಳು. ಒಂದಕ್ಕೊಂದು ಸಂಬಂಧವಿಲ್ಲದ ಐದು ಎಲೆ. ಜೋಡಿ ಕೂಡ ಇಲ್ಲ. ಯುನೂಸ ಬಾಯಿ ತೆರೆದು ನೋಡಿದ, ಆಮೇಲೆ ಶೆಡ್ಡಿನ ತಗಡು ಅದುರುವ ಹಾಗೆ ನಕ್ಕ.

ಗುಂಡವ್ವನ ಕಣ್ಣು ತುಂಬಿತ್ತು. "ನೋಡಪಾ ತಮ್ಮಾ," ಎಂದಳು, "ಈ ಮೇಜಿನ ಮ್ಯಾಲ ಮೋಸ ಮಾಡಿದಾಕಿ ನಾ ಒಬ್ಬಾಕಿನ."