ಜೆಬೆಲ್ ಹಫೀತ್‌ನ ಐದನೇ ಹಕ್ಕಿ

ಒಂದು ಮರುಭೂಮಿಯ ಅಂಚಿನಲ್ಲಿ ಒಂದು ಬೆಟ್ಟ ಇತ್ತಂತೆ. ಬೆಟ್ಟದ ಮೇಲೆ ಕಾಡು ಇರಲಿಲ್ಲವಂತೆ, ಆದರೆ ಚಳಿಗಾಲದಲ್ಲಿ ನಾಲ್ಕೈದು ದಿನ ಮೋಡ ಬಂದು ಕೂರುತ್ತಿತ್ತಂತೆ. ಆ ಮೋಡದೊಳಗೆ ಅಂಗೈಯಲ್ಲಿ ಹಿಡಿಸುವಷ್ಟು ಒಂದು ಹಕ್ಕಿ. ಬರೀ ದನಿ ಕೇಳಿ ಆ ಹಕ್ಕಿಯನ್ನು ತೋರಿಸಿದವನನ್ನು ಏಳು ಸಮುದ್ರದ ಆಚೆ ಕಳಿಸುತ್ತೇನೆ ಎಂದು ರಾಜ ಡಂಗುರ ಹೊಡೆಸಿದನಂತೆ.

ಅಜ್ಜಿಯಾದರೆ ಇಲ್ಲಿಗೆ ಒಮ್ಮೆ ನಿಲ್ಲಿಸುತ್ತಿದ್ದಳು. "ಹೂಂ ಅನ್ ಮಗಾ. ಹೂಂ ಅಂದಿಲ್ಲಾ ಅಂದ್ರೆ ಕಥಿ ಮುಂದ್ ಹೋತಿಲ್ಲೆ."

ನನ್ನ ಕಥೆ ಹಿಂದಿನ ಶುಕ್ರವಾರವೇ ನಿಂತುಹೋಗಿತ್ತು. ಹೂಂ ಅನ್ನಬೇಕಾದವನು ಅನ್ನಲಿಲ್ಲ.

ಅಲ್ ವತ್ಬಾ ಕೆರೆಯ ದಡದಲ್ಲಿ ಅವನು ಬೈನಾಕ್ಯುಲರ್ ಹಿಡಿದು ಫ್ಲೆಮಿಂಗೋ ಎಣಿಸುತ್ತಿದ್ದ. ನಾನು ಅವನ ಎಡಕ್ಕೆ, ತೋಳಿಗೆ ತೋಳು ತಾಗದಷ್ಟೇ ದೂರದಲ್ಲಿ ನಿಂತಿದ್ದೆ. ಮೂರು ರಾತ್ರಿ ಕನ್ನಡಿಯ ಮುಂದೆ ಕಲಿತ ಮಾತನ್ನು ಉಸಿರಿನಷ್ಟು ಮೆಲ್ಲಗೆ ಹೇಳಿದೆ: "ಲತೇಶ್, ನಂಗೆ ನೀವಂದ್ರೆ ಇಷ್ಟ. ನಿಮಗೆ?"

ಅವನು ಬೈನಾಕ್ಯುಲರ್ ಇಳಿಸಲಿಲ್ಲ. ಎಣಿಸಿ ಮುಗಿಸಿ ಹೇಳಿದ, "ತೊಂಬತ್ತೆರಡು."

ಇಡೀ ವಾರ ಅಲ್ ರೀಮ್‌ನ ನನ್ನ ಹದಿನೇಳನೇ ಮಹಡಿಯ ಕೋಣೆಯಲ್ಲಿ ಆ ತೊಂಬತ್ತೆರಡು ಫ್ಲೆಮಿಂಗೋಗಳೂ ಒಂಟಿಕಾಲಲ್ಲಿ ನಿಂತು ನನ್ನನ್ನು ನೋಡಿ ನಕ್ಕವು.

*

ಈ ಶುಕ್ರವಾರ ಬೆಳಿಗ್ಗೆ ಐದಕ್ಕೆ ನಮ್ಮ ವ್ಯಾನ್ ಮುಸಫ್ಫಾದ ಕಂಪೆನಿ ಕ್ಯಾಂಪಿನ ಗೇಟಿನಲ್ಲಿ ನಿಂತಾಗ, ನಾನು ಬೇಕೆಂದೇ ಚೆಕ್‌ಲಿಸ್ಟ್ ಫೈಲನ್ನು ಪಕ್ಕದ ಸೀಟಿನ ಮೇಲೆ ಇಟ್ಟೆ. ಲತೇಶ್ ಹತ್ತಿದ. ಫೈಲನ್ನು ನೋಡಿದ, ನನ್ನನ್ನು ನೋಡಿದ, ಹಿಂದಿನ ಸೀಟಿಗೆ ಹೋದ.

ವಾರದಲ್ಲಿ ಆರು ದಿನ ಅವನು ಕಬ್ಬಿಣದ ಫ್ಯಾಬ್ರಿಕೇಷನ್ ಯಾರ್ಡಿನಲ್ಲಿ ಫೋರ್‌ಮನ್. ಶುಕ್ರವಾರ ಮಾತ್ರ ನಮ್ಮ ಟ್ರಾವೆಲ್ ಆಫೀಸಿನ ಪಕ್ಷಿ ಗೈಡ್. ನಾನು ದೀಪ್ತಿ, ಆಫೀಸಿನಲ್ಲಿ ಟಿಕೆಟ್ ಮಾಡುವವಳು, ಶುಕ್ರವಾರ ಕಂಡ ಹಕ್ಕಿಗಳ ಚೆಕ್‌ಲಿಸ್ಟ್ ಬರೆಯುವವಳು. ಆಫೀಸು ರುಡೊಲ್ಫ್ ಸರ್ ಅವರದ್ದು. ನನ್ನ ಕಥೆಯ ರಾಜ ಅವರೇ. ಡಂಗುರವನ್ನು ವ್ಯಾನಿನ ಸ್ಟೀರಿಂಗ್ ಹಿಡಿದುಕೊಂಡೇ ಹೊಡೆದರು.

"ಲತೇಶ್, ನೋಡು. ಮಾರ್ಚಿನಲ್ಲಿ ಎಕ್ವಡಾರ್ ಟ್ರಿಪ್. ಆಂಡಿಸ್ ಬೆಟ್ಟ, ಮೋಡದ ಕಾಡು, ಒಂಬತ್ತು ಜನ. ನನ್ನ ಕಡೆಯಿಂದ ಗೈಡ್ ಒಬ್ಬ ಬೇಕು. ಅಲ್ಲಿಯವರು ಬರೆದಿದ್ದಾರೆ, ಮೋಡದಲ್ಲಿ ಕಣ್ಣು ನಡೆಯುವುದಿಲ್ಲ, ಹಕ್ಕಿಯನ್ನು ಕಿವಿಯಿಂದ ಹಿಡಿಯುವವನನ್ನೇ ಕಳಿಸಿ ಅಂತ. ಇವತ್ತು ಹಫೀತ್ ಮೇಲೆ ಮೋಡ ಉಂಟು. ಐದು ಹಕ್ಕಿ. ದನಿ ಮೊದಲು, ಕಣ್ಣು ಆಮೇಲೆ. ಐದೂ ಆದರೆ ನಾಳೆಯೇ ನಿನ್ನ ವೀಸಾ ಪೇಪರ್."

"ಆಯ್ತು ಸರ್," ಅಂದ ಲತೇಶ್. ಸ್ವರ ಒಣಗಿತ್ತು.

"ಐದನೆಯದು ನನ್ನದು," ಎಂದರು ಮುಂದಿನ ಸೀಟಿನಿಂದ ಉರ್ಸುಲಾ ಬಾಯಿ. ಮೂವತ್ತೊಂದು ವರ್ಷ ಈ ಅರಬರ ನಾಡಿನಲ್ಲಿ ನರ್ಸ್ ಆಗಿದ್ದವರು, ರಿಟೈರ್ ಆಗಿ ಮುಂದಿನ ಬುಧವಾರ ಮಂಗಳೂರಿಗೆ ಹೊರಟಿದ್ದಾರೆ. "ಆ ಪುಟ್ಟ ಸ್ಕ್ರಬ್ ವಾರ್ಬ್ಲರ್. ನಾಲ್ಕು ವರ್ಷ ಹುಡುಕಿ ಆಯ್ತು. ಮಾತು ಕೊಟ್ಟಿದ್ದೀ ಮಾರಾಯಾ, ನೆನಪುಂಟಲ್ಲ?"

"ಉಂಟು ಬಾಯಿ. ತೋರಿಸ್ತೇನೆ."

ಉರ್ಸುಲಾ ಬಾಯಿ ನನ್ನ ಫೈಲನ್ನೂ ಹಿಂದಿನ ಸೀಟನ್ನೂ ಒಮ್ಮೆ ಅಳೆದು ನೋಡಿದರು. "ಎಂತ ಬಾಯೆ, ಇವತ್ತು ಕಾಗದಕ್ಕೂ ಸೀಟು ಬೇಕಾ?"

*

ಹಫೀತ್ ಬೆಟ್ಟದ ತಿರುವುಗಳನ್ನು ಅರ್ಧ ಹತ್ತುವಾಗಲೇ ರಸ್ತೆ ಮೋಡದೊಳಗೆ ಮಾಯವಾಯಿತು. ಒಂದು ಪಾರ್ಕಿಂಗಿನಲ್ಲಿ ವ್ಯಾನ್ ನಿಲ್ಲಿಸಿ ಕಲ್ಲಿನ ಕಣಿವೆಗೆ ಇಳಿದೆವು. ಹತ್ತು ಹೆಜ್ಜೆ ಮುಂದಿದ್ದವರು ಬರೀ ನೆರಳು. ಕಲ್ಲುಗಳ ಮೇಲೆ ನೀರು ಸಣ್ಣ ಮುತ್ತುಗಳಾಗಿ ಕೂತಿತ್ತು. ಬೇರೆ ದಿನವಾಗಿದ್ದರೆ ಈ ಬೆಳ್ಳಗಿನ ಕತ್ತಲೆಯಲ್ಲಿ ನಾನು ಒಂದು ಇಡೀ ರಾಜ್ಯವನ್ನೇ ಕಟ್ಟಿಬಿಡುತ್ತಿದ್ದೆ.

ಮೊದಲನೆಯದು ಸುಲಭವಾಯಿತು. ಬಂಡೆಯ ಮೇಲಿಂದ ತುಂಬುಗಂಟಲಿನ ಸಿಳ್ಳೆ. "ಹ್ಯೂಮ್ಸ್ ವೀಟಿಯರ್," ಅಂದ ಲತೇಶ್. ಮೋಡ ಸರಿದಾಗ ಕಪ್ಪು ಬಿಳಿ ಹಕ್ಕಿ ಅವನು ಬೆರಳು ಮಾಡಿದಲ್ಲೇ ಕೂತಿತ್ತು. ಆಮೇಲೆ ಗೌಜಲು, ಬುಲ್‌ಬುಲ್, ಗುಡ್ಡದ ಪಾರಿವಾಳ. ಎಲ್ಲ ದಪ್ಪ ದನಿಯವು. ರುಡೊಲ್ಫ್ ಸರ್ ನಾಲ್ಕು ಬೆರಳು ಎತ್ತಿ ತೋರಿಸಿದರು.

ಪ್ರತಿ ಸಲ ಬೆರಳು ಮಾಡುವ ಮೊದಲು ಲತೇಶ್ ಒಂದು ಕ್ಷಣ ನನ್ನತ್ತ ನೋಡುತ್ತಿದ್ದ. ಯಾವಾಗಲೂ ಹಾಗೆಯೇ. ಎಂಟು ಶುಕ್ರವಾರಗಳಿಂದ ನಾನು ಕೂಡಿಟ್ಟದ್ದು ಆ ನೋಟಗಳನ್ನೇ. ಎಲ್ಲರೂ ಆಕಾಶ ನೋಡುವಾಗ ಅವನ ಕಣ್ಣು ಮೆಲ್ಲಗೆ ಬಂದು ನನ್ನ ಕೆನ್ನೆ, ಕಿವಿಯ ಲೋಲಾಕು, ಗಲ್ಲ ಮುಟ್ಟಿ ಹೋಗುತ್ತಿತ್ತು. ನಾನು ತಿರುಗಿದರೆ ಸಿಕ್ಕಿಬಿದ್ದವನ ಹಾಗೆ ನಗುತ್ತಿದ್ದ. ಆ ನಗುವಿನ ಧೈರ್ಯದ ಮೇಲೆಯೇ ತಾನೇ ನಾನು ವತ್ಬಾದಲ್ಲಿ ಬಾಯಿ ತೆರೆದದ್ದು! ನೋಡುವುದಕ್ಕೆ ಬರುತ್ತದೆ, ಉತ್ತರ ಕೊಡುವುದಕ್ಕೆ ಬರುವುದಿಲ್ಲವಾ ಈ ಮನುಷ್ಯನಿಗೆ?

ಆಗ ಕೇಳಿಸಿತು.

ಸೂಜಿಯ ತುದಿಯಷ್ಟು ಸಣ್ಣದು. ಗಾಜಿನ ಮೇಲೆ ಎಳೆದ ಹಾಗೆ, ತ್ಸೀ... ತ್ಸೀ... ಎಡಗಡೆಯ ಮುಳ್ಳುಪೊದೆಗಳ ಕಡೆಯಿಂದ. ನಾನು ಉಸಿರು ಹಿಡಿದೆ. ಉರ್ಸುಲಾ ಬಾಯಿ ನನ್ನ ಮಣಿಕಟ್ಟು ಒತ್ತಿದರು. ರುಡೊಲ್ಫ್ ಸರ್ ನಿಂತರು.

ಲತೇಶ್ ನಡೆಯುತ್ತಲೇ ಇದ್ದ.

ಮತ್ತೊಮ್ಮೆ, ಇನ್ನೂ ಹತ್ತಿರದಿಂದ. ಅವನು ನಿಲ್ಲಲಿಲ್ಲ. ನಮ್ಮ ಹೆಜ್ಜೆಗಳು ಹಿಂದೆ ಬರುತ್ತಿಲ್ಲ ಎಂದು ತಿಳಿದು ತಿರುಗಿದ. ತಿರುಗಿದವನೇ ನೇರ ನನ್ನನ್ನು ನೋಡಿದ. ಅದೇ ನೋಟ. ಕೆನ್ನೆ, ಲೋಲಾಕು, ಗಲ್ಲ. ನನ್ನ ಮುಖ ಎಡಕ್ಕೆ ತಿರುಗಿತ್ತು. ಅವನ ಕೈ ತಕ್ಷಣ ಆ ಕಡೆಗೇ ಎದ್ದಿತು.

"ಅಲ್ಲಿ," ಅಂದ.

ಎಂಟು ಶುಕ್ರವಾರಗಳೂ ಒಟ್ಟಿಗೆ ಕೈಜಾರಿದವು. ಇವನು ನನ್ನನ್ನು ನೋಡುತ್ತಿದ್ದುದಲ್ಲ. ನನ್ನ ಮುಖ ಯಾವ ಕಡೆ ತಿರುಗುತ್ತದೆ ಎಂದು ನೋಡುತ್ತಿದ್ದ.

"ಎಲ್ಲಿ ಹಕ್ಕಿ?" ರುಡೊಲ್ಫ್ ಸರ್ ಕೇಳಿದರು. ಪೊದೆಯಲ್ಲಿ ಏನೂ ಅಲುಗಲಿಲ್ಲ. ಮೋಡ ಮತ್ತೆ ಮುಚ್ಚಿತು.

"ಸರ್, ಎರಡು ನಿಮಿಷ. ಸ್ವಲ್ಪ ಕೆಳಗೆ ನೋಡಿ ಬರ್ತೇನೆ."

ನಾನೂ ಅವನ ಹಿಂದೆ ಇಳಿದೆ. ದೊಡ್ಡ ಬಂಡೆಯ ಮರೆಯಲ್ಲಿ, ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದೆ, "ಲತೇಶ್, ನಿಮ್ಮ ಬ್ಯಾಗಿನ ಜಿಪ್ ತೆರೆದಿದೆ." ಅವನು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದೆ. ಇಲ್ಲ.

ಸುತ್ತಿ ಬಂದು ಅವನ ಎದುರು ನಿಂತೆ. "ಎಷ್ಟು ದಿನದಿಂದ?"

"ಎಂತದು?"

"ಕಿವಿ."

ಅವನ ಮುಖದ ಬಣ್ಣ ಇಳಿದುಹೋಯಿತು. ಬಂಡೆಗೆ ಒರಗಿದ.

"ಎರಡು ವರ್ಷ ಆಯ್ತು. ದಪ್ಪ ದನಿ ಎಲ್ಲ ಕೇಳ್ತದೆ. ಎದುರು ನಿಂತು ಮಾತಾಡಿದ್ರೆ ಸಾಕು, ತುಟಿ ನೋಡಿ ಗೊತ್ತಾಗ್ತದೆ. ಸಣ್ಣದು, ಪಿಸುಪಿಸು, ಅದೆಲ್ಲ ಹೋಯ್ತು. ಎಡಗಡೆಯದ್ದು ಜಾಸ್ತಿ."

"ಯಾರ್ಡಿನಲ್ಲಿ ಆ ಸದ್ದಿಗೆ ಕಿವಿಗೆ ಪ್ಲಗ್ ಕೊಡೋದಿಲ್ವಾ?"

"ಕೊಡ್ತಾರೆ. ನಾನೇ ತೆಗೀತಿದ್ದೆ." ಅವನು ನಗಲು ನೋಡಿದ. "ಕಬ್ಬಿಣ ಉಜ್ಜುವ ಗ್ರೈಂಡರ್ ಶೆಡ್ಡಿನ ಹಿಂದೆ ಒಂದು ಬೇವಿನ ಮರ ಉಂಟು. ವಲಸೆ ಬರುವ ಸಣ್ಣ ಹಕ್ಕಿಗಳು ಅಲ್ಲಿ ಇಳೀತವೆ. ಪ್ಲಗ್ ಹಾಕಿದ್ರೆ ಯಾವುದು ಬಂತು ಅಂತ ಗೊತ್ತಾಗುದಿಲ್ಲ. ಹಕ್ಕಿ ಕೇಳ್ಲಿಕ್ಕೆ ಹೋಗಿ ಕಿವಿ ಹಾಳುಮಾಡಿಕೊಂಡ ಹುಚ್ಚ ನಾನೊಬ್ಬನೇ ಇರಬೇಕು."

ಅತ್ತುಬಿಡಬೇಕೆನಿಸಿತು. ಆದರೆ ಸಿಟ್ಟೂ ಅಷ್ಟೇ ಇತ್ತು.

"ಹಾಗಾದ್ರೆ ನನ್ನನ್ನು ನೋಡ್ತಿದ್ದದ್ದು..."

"ನಿಮ್ಮ ಕಿವಿ ತುಂಬ ಚುರುಕು, ದೀಪ್ತಿ. ಎಲ್ಲರಿಗಿಂತ ಮೊದಲು ನಿಮ್ಮ ಮುಖ ತಿರುಗ್ತದೆ."

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮೇಲಿನಿಂದ ರುಡೊಲ್ಫ್ ಸರ್ ಕೂಗಿದರು, "ಯಲ್ಲಾ ಲತೇಶ್! ಹಕ್ಕಿ ಚಹಾ ಕುಡೀತಾ ಉಂಟಾ?"

ಲತೇಶ್ ನನ್ನ ಹತ್ತಿರ ಬಂದ. "ಇದೊಂದು ಸಲ. ಅದು ಕೂಗಿದ ಕೂಡಲೇ ಆ ಕಡೆ ಮುಖ ಮಾಡಿ, ಸಾಕು. ಇಪ್ಪತ್ತು ವರ್ಷ ಕಬ್ಬಿಣದ ಮಧ್ಯೆಯೇ ಇರುವವನು ನಾನು. ಆ ಕಾಡನ್ನು ಒಮ್ಮೆ ನೋಡ್ಬೇಕು. ಸರ್‌ಗೆ ಹೇಳ್ಬೇಡಿ."

ನನ್ನ ಒಂದು ಮುಖ ತಿರುಗಿಸುವಿಕೆ. ಅಷ್ಟೇ. ಅವನು ಏಳು ಸಮುದ್ರ ದಾಟುತ್ತಾನೆ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯರು ಗುಟ್ಟಾಗಿ ಸಹಾಯ ಮಾಡುತ್ತಲೇ ಇರುತ್ತಾರೆ, ಅಕ್ಕಿಯಿಂದ ಸಾಸಿವೆ ಆರಿಸಲು ಇರುವೆಗಳನ್ನು ಕಳಿಸುತ್ತಾರೆ. ಆದರೆ ಆ ಮೋಡದ ಕಾಡಿನಲ್ಲಿ ಒಂಬತ್ತು ಜನ ಇವನ ಬೆನ್ನು ಹಿಡಿದು ನಡೆಯುತ್ತಾರೆ. ಅಲ್ಲಿ ಇವನು ಯಾರ ಮುಖ ನೋಡುತ್ತಾನೆ? ಒಲ್ಲೆ ಅಂದರೆ, ಹಟಕ್ಕೆ ಇವನ ಕನಸು ಮುರಿದವಳು ನಾನಾಗುತ್ತೇನೆ.

"ಅಲ್ಲಿ ನಾನಿರೋದಿಲ್ಲ, ಲತೇಶ್."

ಅವನು ಬೈನಾಕ್ಯುಲರಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ.

"ಹೋದ ಶುಕ್ರವಾರ ವತ್ಬಾದಲ್ಲಿ ನಿಮಗೆ ಒಂದು ಮಾತು ಹೇಳಿದ್ದೆ. ನಿಮ್ಮ ಎಡಕಿವಿಗೆ."

ಅವನ ಕಣ್ಣು ಅಗಲವಾಯಿತು. "ಎಂತ ಹೇಳಿದ್ರಿ?"

"ಈಗ ಹೇಳೋದಿಲ್ಲ. ಉರ್ಸುಲಾ ಬಾಯಿಗೆ ಹಕ್ಕಿ ತೋರಿಸಿ. ಕದ್ದು ಅಲ್ಲ, ನ್ಯಾಯವಾಗಿ. ಆಮೇಲೆ ಹೇಳ್ತೇನೆ."

ಹೇಳಿದ್ದೇ ಬೆನ್ನು ಹಾಕಿ ಮೇಲೆ ಹತ್ತಿದೆ.

*

ಅವನು ಬರಲು ತುಂಬ ಹೊತ್ತು ಹಿಡಿಯಿತು. ಬಂದು ರುಡೊಲ್ಫ್ ಸರ್ ಎದುರು ನಿಂತ, ಯಾರ್ಡಿನಲ್ಲಿ ತಪ್ಪು ಒಪ್ಪಿಕೊಳ್ಳುವವರ ಹಾಗೆ ಕೈ ಹಿಂದೆ ಕಟ್ಟಿಕೊಂಡು.

"ಸರ್, ಐದನೆಯದು ನನಗೆ ಕೇಳ್ಲಿಲ್ಲ. ಕೇಳುವುದೂ ಇಲ್ಲ. ಸಣ್ಣ ದನಿ ಹಿಡಿಯುವ ಕಿವಿ ನನಗಿಲ್ಲ. ಇಷ್ಟು ದಿನ ದೀಪ್ತಿಯ ಮುಖ ನೋಡಿ ಕೈ ತೋರಿಸ್ತಿದ್ದೆ. ಅವರಿಗೆ ಇದು ಗೊತ್ತಿರಲಿಲ್ಲ."

ರುಡೊಲ್ಫ್ ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು, ಮತ್ತೆ ತೆಗೆದರು.

"ನನ್ನ ಹತ್ತಿರ ಮುಚ್ಚಿಟ್ಟೆಯಾ? ಒಂಬತ್ತು ಜನರನ್ನು ನಿನ್ನ ಕೈಗೆ ಕೊಡ್ಲಿಕ್ಕೆ ಹೊರಟಿದ್ದೆ ನಾನು!" ಸ್ವರದಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಖಲಾಸ್. ಎಕ್ವಡಾರ್ ಮಾತು ಮುಗೀತು. ಎಲ್ಲರೂ ವ್ಯಾನಿಗೆ ನಡೀರಿ."

ಲತೇಶ್ ತಲೆಯಾಡಿಸಿದ. ಮಂಜು ಕಲ್ಲಿನಿಂದ ತೊಟ್ಟಿಕ್ಕುವುದು ಕೇಳುತ್ತಿತ್ತು. ಅವನಿಗೆ ಅದೂ ಕೇಳುತ್ತಿರಲಿಲ್ಲವೇನೋ.

"ಎಲ್ಲಿಗೆ ವ್ಯಾನಿಗೆ?" ಉರ್ಸುಲಾ ಬಾಯಿ ಒಂದು ಕಲ್ಲಿನ ಮೇಲೆ ಕೂತೇಬಿಟ್ಟರು. "ಎಕ್ವಡಾರ್ ನಿಮ್ಮ ವ್ಯವಹಾರ, ರುಡೊಲ್ಫ್. ಇದು ನನ್ನ ಹಕ್ಕಿ. ಬುಧವಾರ ನನ್ನ ಫ್ಲೈಟ್. ಮಾತು ಕೊಟ್ಟವನು ಕಿವುಡನಾದ್ರೆ ಮಾತು ಮನ್ನಾ ಆಗ್ತದಾ?"

"ಕೇಳುದಿಲ್ಲ ಅಂತ ಅವನೇ ಹೇಳ್ತಾ ಇದ್ದಾನಲ್ಲ ಬಾಯಿ!"

"ಕೇಳ್ಲಿಕ್ಕೆ ಇವಳುಂಟಲ್ಲ."

ಎಲ್ಲರೂ ನನ್ನನ್ನು ನೋಡಿದರು. ಲತೇಶ್ ಕೂಡ. ಈ ಸಲ ಅವನು ಕದ್ದು ನೋಡಲಿಲ್ಲ, ಎದುರು ಬಂದು ನಿಂತ.

"ದೀಪ್ತಿ, ಹಕ್ಕಿ ಎಲ್ಲಿ ಕೂಗ್ತದೆ ಅಂತ ಹೇಳ್ತೀರಾ? ಎಲ್ಲಿ ಹೊರಗೆ ಬರ್ತದೆ ಅಂತ ನನಗೆ ಗೊತ್ತುಂಟು."

ನಾನು ಕಣ್ಣು ಮುಚ್ಚಿದೆ. ಮೊದಲು ನನ್ನ ಎದೆಯದೇ ಸದ್ದು. ಆಮೇಲೆ ದೂರದ ಒಂದು ಕಾರು. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತು ಏನೂ ಇಲ್ಲ! ಹಾರಿಹೋಗಿರಬಹುದು. ಇವನ ನಿಜವೂ ದಂಡ, ನನ್ನ ಹಟವೂ ದಂಡ.

ತ್ಸೀ.

"ಕೆಳಗೆ, ಬಲಕ್ಕೆ. ಸೀಳಿದ ಬಂಡೆಯ ಆಚೆ. ಬರ್ತಾ ಇದೆ... ನಮ್ಮ ಕಡೆಗೇ."

"ಹಾಗಾದ್ರೆ ಬಂಡೆಗೆ ತಾಗಿ ಓಡ್ತದೆ, ಮೇಲೆ ಹಾರುದಿಲ್ಲ. ಇಲಿ ನೋಡಿದ ಹಾಗೆ ನೋಡ್ಬೇಕು." ಅವನು ಮೊಣಕಾಲೂರಿದ. ಉರ್ಸುಲಾ ಬಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅವರ ಬೈನಾಕ್ಯುಲರಿನ ತುದಿಯನ್ನು ಒಂದು ಬೆರಳಿನಿಂದ ಇಳಿಸಿದ. "ಒಣಗಿದ ಆ ಗಿಡದ ಬುಡ ನೋಡಿ ಬಾಯಿ. ಬಾಲ ನೆಟ್ಟಗೆ ಎತ್ತಿಕೊಂಡು ಬರ್ತದೆ."

"ಬರೀ ಕಲ್ಲು ಕಾಣ್ತದೆ."

"ಇನ್ನು ಸ್ವಲ್ಪ ಎಡಕ್ಕೆ."

"ಕಲ್ಲು."

ಮೋಡ ಮತ್ತೆ ಕೆಳಗಿನಿಂದ ಏರಿ ಬರುತ್ತಿತ್ತು. ನಾನು ಅವನ ಪಕ್ಕ ಕೂತು ಬೆರಳಿನಿಂದ ತೋರಿಸುತ್ತಾ ಹೋದೆ: ಈಗ ಇಲ್ಲಿ, ಈಗ ಇಲ್ಲಿ. ಅವನ ಕಣ್ಣು ನನ್ನ ಬೆರಳಿಗಿಂತ ಅರ್ಧ ಹೆಜ್ಜೆ ಮುಂದೆ ಓಡಿ ಗಿಡದ ಬುಡದಲ್ಲಿ ಕಾಯ್ದು ಕೂತಿತು. ಅಲ್ಲಿ ಮರಳಿನ ಬಣ್ಣದ, ಎದೆಯ ಮೇಲೆ ಪೆನ್ಸಿಲ್ ಗೀರಿನಂಥ ಗೆರೆಗಳ ಒಂದು ಚೂರು ಜೀವ ಬಾಲ ನಿಗುರಿಸಿ ನಿಂತಿತು.

"ಸಿಕ್ಕಿತು," ಎಂದು ಅವನು ಉಸಿರುಬಿಟ್ಟ. "ಬಾಯಿ, ಬುಡದಿಂದ ಒಂದು ಗೇಣು ಬಲಕ್ಕೆ. ನಿಧಾನ."

ಉರ್ಸುಲಾ ಬಾಯಿ ಹುಡುಕುತ್ತಿದ್ದರು. ರುಡೊಲ್ಫ್ ಸರ್ ಕೂಡ ಉಸಿರು ಬಿಗಿಹಿಡಿದು ಬೈನಾಕ್ಯುಲರ್ ಎತ್ತಿದ್ದರು. ನಾನು ಪಕ್ಕಕ್ಕೆ ನೋಡಿದೆ. ಲತೇಶ್ ಹಕ್ಕಿಯನ್ನು ನೋಡುತ್ತಿರಲಿಲ್ಲ. ಕೆನ್ನೆ, ಲೋಲಾಕು, ಗಲ್ಲ.

"ಹಕ್ಕಿ ಆ ಕಡೆ," ಎಂದು ತುಟಿಯಲ್ಲೇ ಅಂದೆ.

"ಗೊತ್ತುಂಟು." ಮುಖ ತಿರುಗಿಸಲಿಲ್ಲ. "ಮೊದಲೆರಡು ವಾರ ಹಕ್ಕಿಗೆ ಅಂತಲೇ ನೋಡಿದ್ದು. ಆಮೇಲೆ ಹಕ್ಕಿ ಹಾರಿಹೋದ ಮೇಲೂ ನೋಡ್ತಾ ಕೂತದ್ದು ಯಾಕೆ ಅಂತ ನೀವು ಕೇಳಲೇ ಇಲ್ಲ."

ಅವನು ಪಿಸುಮಾತು ಎಂದುಕೊಂಡದ್ದು ಇಡೀ ಕಣಿವೆಗೆ ಕೇಳಿಸಿತು. ರುಡೊಲ್ಫ್ ಸರ್ "ಶ್!" ಅಂದರು. ಹಕ್ಕಿ ತಲೆ ಎತ್ತಿತು. ನಮ್ಮ ನಾಲ್ವರ ಪ್ರಾಣವೂ ಅದರ ಬಾಲದ ತುದಿಯಲ್ಲಿ ನಿಂತಿತು.

ನಾನು ಸ್ವರ ತೆಗೆಯಲಿಲ್ಲ. ಅವನ ಕಣ್ಣೆದುರು, ಒಂದೊಂದೇ ಅಕ್ಷರ ಬಿಡಿಸಿ, ತುಟಿಗಳಲ್ಲಿ ಮಾತ್ರ ವತ್ಬಾದ ಆ ಮಾತನ್ನು ಮತ್ತೆ ಹೇಳಿದೆ. ಅವನು ಓದಿದ. ಕೊನೆಯ ಪ್ರಶ್ನೆಯವರೆಗೂ ಓದಿದ. ಆಮೇಲೆ ಕಬ್ಬಿಣ ಹಿಡಿದು ಒರಟಾದ ಅಂಗೈ, ಚೆಕ್‌ಲಿಸ್ಟ್ ಹಿಡಿದಿದ್ದ ನನ್ನ ಕೈಯ ಮೇಲೆ ಬಂದು ಕೂತಿತು. ಎತ್ತಲಿಲ್ಲ.

ಪಕ್ಕದಲ್ಲಿ ಉರ್ಸುಲಾ ಬಾಯಿಯ ಬೈನಾಕ್ಯುಲರ್ ಅಲುಗಾಡುವುದು ನಿಂತಿತು.

"ಅಯ್ಯೋ ದೇವಾ," ಎಂದರು ಅವರು. "ಕಂಡಿತು."