ಕೊನೆಯ ಸಾಲಿನ ನೀಲವ್ವ

ವಸುಧಾ ಕಾವಲಿಯ ಮೇಲೆ ಎರಡನೇ ದೋಸೆ ಹುಯ್ಯುತ್ತಿದ್ದಾಗ ಬಾಗಿಲ ಬೆಲ್ ಹೊಡೆಯಿತು.

ಎಂಟು ವರ್ಷದ ಮಗಳು ಇಳಾ ಓಡಿಹೋಗಿ ತೆರೆದಳು. ಹೊರಗೆ ಸುಶಾಂತ. ಕೋಟಿನ ಮೇಲೆ ಹಿಮದ ಪುಡಿ, ನಿದ್ದೆಗೆಟ್ಟ ಕಣ್ಣು. ಡೆಟ್ರಾಯಿಟ್ ಹತ್ತಿರದ ಅವನ ಆಬರ್ನ್ ಹಿಲ್ಸ್‌ನಿಂದ ಅವಳ ವುಡ್‌ರಿಡ್ಜ್‌ಗೆ ಮುನ್ನೂರು ಮೈಲಿ.

ಎರಡು ವಾರದಿಂದ ಅವನ ಒಂದು ಫೋನನ್ನೂ ಅವಳು ಎತ್ತಿರಲಿಲ್ಲ. ಆದರೆ ಎದೆ... ಅದು ಅವಳ ಮಾತು ಕೇಳಲಿಲ್ಲ.

"ಯಾರು ಕರೆದ್ರು ನಿಮ್ಮನ್ನ?" ಬಾಗಿಲಿಗೆ ಬಂದು ಕೇಳಿದಳು ವಸುಧಾ.

ಅವನು ತಲೆ ತಗ್ಗಿಸಿದ. ಹಿಂದೆ ದೋಸೆ ಸೀಯತೊಡಗಿತು.

ವಸುಧಾಳ ಮುತ್ತಜ್ಜಿಯ ತಾಯಿ ನೀಲವ್ವ, ಪುಟ್ಟ ಸಂಸ್ಥಾನವೊಂದರ ಆಸ್ಥಾನ ನರ್ತಕಿ. ತಾನೇ ಹಾಡು ಕಟ್ಟಿ, ತಾನೇ ಕುಣಿದವಳು. ಆಗೆಲ್ಲ ಹಾಡಿನ ಕೊನೆಯ ಸಾಲಿನಲ್ಲಿ ಅಂಕಿತವೆಂದು ದೇವರ ಹೆಸರೋ ದೊರೆಯ ಹೆಸರೋ ಬರುತ್ತಿತ್ತು. ನೀಲವ್ವ ಇಟ್ಟದ್ದು ತನ್ನ ಹೆಸರು.

ಕರೆದರೆಂದು ಬಂದವಳಲ್ಲ ದೊರೆಯೇ, ಮನಸಾಗಿ ಬಂದವಳು ನೀಲವ್ವ.

ನರ್ತಕಿಯ ವಂಶವೆಂಬ ನಾಚಿಕೆಯಿಂದ ಮನೆಯವರೇ ಮುಚ್ಚಿಟ್ಟಿದ್ದ ಆ ಹಾಡನ್ನು ವಸುಧಾ ಕನ್ನಡ ಸಂಘದ ಹಬ್ಬಕ್ಕೆ ಆರಿಸಿಕೊಂಡಿದ್ದಳು. ಹಾಡಲು ಸುಶಾಂತ. ಮೂರು ತಿಂಗಳು ಪ್ರತಿ ಶನಿವಾರ ಬಂದು, ಪ್ರಾಕ್ಟೀಸ್ ಮುಗಿಸಿ, ಊಟ ಮಾಡಿ, ಸಂಜೆ ವಾಪಸ್ ಡ್ರೈವ್ ಮಾಡುತ್ತಿದ್ದ. ಅವನು ಶೂ ಹಾಕಿಕೊಳ್ಳುವಾಗಲೆಲ್ಲ ಇಳಾ ಏನೋ ಕೇಳಲು ಬಾಯಿ ತೆರೆದು, ಅಮ್ಮನ ಮುಖ ನೋಡಿ ಸುಮ್ಮನಾಗುತ್ತಿದ್ದಳು. ವಸುಧಾಳ ವಿಚ್ಛೇದನವಾಗಿ ನಾಲ್ಕು ವರ್ಷ... ಆ ಮನೆಯಲ್ಲಿ ಕೆಲವು ಪ್ರಶ್ನೆಗಳಿಗೆ ಇನ್ನೂ ಜಾಗವಿರಲಿಲ್ಲ.

ಹಬ್ಬದ ದಿನ, ತುಂಬಿದ ಸಭೆಯಲ್ಲಿ, ಕೊನೆಯ ಸಾಲಿಗೆ ಮೊದಲೇ ಸುಶಾಂತ ಹಾಡು ನಿಲ್ಲಿಸಿಬಿಟ್ಟ!

ಚಪ್ಪಾಳೆ ಶುರುವಾಯಿತು. ವಸುಧಾ ನಮಸ್ಕರಿಸಲಿಲ್ಲ. ಏದುಸಿರಿನಲ್ಲೇ, ಮೈಕಿಲ್ಲದೆ, ಆ ಸಾಲನ್ನು ತಾನೇ ಹಾಡಿ ಕುಣಿದಳು. ಎರಡು ಸಲ. ಆಮೇಲೆ ಅವನತ್ತ ನೋಡದೆ ಮಗಳ ಕೈ ಹಿಡಿದು ಹೊರಟುಬಂದಳು.

ಇವನಿಗೂ ನೀಲವ್ವ ಅಂದರೆ ನಾಚಿಕೆ...

ಈಗ ಅವನು ಹೊಸ್ತಿಲಲ್ಲೇ ನಿಂತು ಹೇಳಿದ. "ಅವತ್ತು ಸ್ಟೇಜ್ ಹತ್ತೋ ಮುಂಚೆ ಸಂಘದ ರಾಘವೇಂದ್ರ ಅಂಕಲ್ ಬಂದು, ಆ ಸಾಲು ಬೇಡ ಅಂತ ನೀವೇ ಹೇಳಿದ್ದೀರಿ, ಕನ್ನಡ ಸ್ಕೂಲ್‌ನಲ್ಲಿ ಮಕ್ಕಳು ಇಳಾನ ಆಡ್ಕೋತಾರೆ ಅಂತ ನಿಮಗೆ ಭಯ ಅಂದ್ರು. ನಂಬಿಬಿಟ್ಟೆ."

"ನಾನು ಗ್ರೀನ್ ರೂಮಲ್ಲೇ ಇದ್ದೆ. ಹತ್ತು ಹೆಜ್ಜೆ. ಬಂದು ಕೇಳೋಕೆ ಏನಾಗಿತ್ತು?"

"ಕೇಳ್ಬೇಕಿತ್ತು. ಅದೇ ನನ್ನ ತಪ್ಪು."

ಇದೇ ಹಾಡನ್ನು ತನ್ನ ಊರಿನ ಕಡೆ ಮತ್ತೆ ಮಾಡೋಣವೆಂದು ಕೇಳಿದಾಗ, ಡೆಟ್ರಾಯಿಟ್ ಸಂಘದವರೂ ಆ ಸಾಲು ಬಿಟ್ಟರೆ ಮಾತ್ರ ಅವಕಾಶ ಎಂದಿದ್ದರಂತೆ. ಹಾಗಾದರೆ ನಾನು ಹಾಡುವುದೇ ಇಲ್ಲ ಎಂದು ಅವರಿಗೆ ಹೇಳಿ ಬಂದಿದ್ದ. ತಾವೇ ಕಾರ್ಯಕ್ರಮ ಮಾಡುವುದಾದರೆ ಆಬರ್ನ್ ಹಿಲ್ಸ್ ಹತ್ತಿರದ ಲೈಬ್ರರಿ ಹಾಲ್ ಖಾಲಿಯಿದೆಯಂತೆ. ಜೇಬಿನಿಂದ ತಾನೇ ಬರೆದ ಆಹ್ವಾನದ ಹಾಳೆ ತೆಗೆದು ಕೊಟ್ಟ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ರಚನೆ, ಆಸ್ಥಾನ ನರ್ತಕಿ ನೀಲವ್ವ.

"ಇನ್ನೂ ಬುಕ್ ಮಾಡಿಲ್ಲ. ಈ ಸಲ ಮೊದಲು ನಿಮ್ಮನ್ನ ಕೇಳ್ತಿದೀನಿ. ಕುಣೀತೀರಾ?"

ವಸುಧಾ ಆ ಹೆಸರಿನ ಮೇಲೆ ಬೆರಳಾಡಿಸಿದಳು. ಕಣ್ಣು ಮಂಜಾಯಿತು. ದನಿ ಮಾತ್ರ ಬಗ್ಗಲಿಲ್ಲ.

"ಕೊನೆ ಸಾಲು ಎರಡು ಸಲ ಹಾಡ್ಬೇಕು. ಅವತ್ತು ಬಿಟ್ಟಿದ್ದಕ್ಕೂ ಸೇರಿಸಿ."

"ಹತ್ತು ಸಲ ಹಾಡ್ತೀನಿ." ಅವನೆಂದ, "ಯಾರು ಕರೆದ್ರು ಅಂತ ಕೇಳಿದ್ರಲ್ಲ... ಯಾರೂ ಕರೀಲಿಲ್ಲ. ಮನಸಾಗಿ ಬಂದೆ, ವಸುಧಾ. ಮೂರು ತಿಂಗಳೂ ಬರೀ ಹಾಡಿಗೆ ಬಂದಿದ್ದಲ್ಲ."

ಕಾವಲಿಯ ಹೊಗೆ ಕೋಣೆ ತುಂಬುತ್ತಿತ್ತು.

"ನಂಗೂ ಶನಿವಾರ ಬೇಗ ಬರ್ಲಿ ಅನ್ಸ್ತಿತ್ತು," ಎಂದಳು ಮೆಲ್ಲಗೆ. "ಒಳಗೆ ಬನ್ನಿ. ಶೂ ಬಿಚ್ಚಿ."

ಅವನು ಬಿಚ್ಚಿದ ಶೂಗಳನ್ನು ಇಳಾ ಎತ್ತಿಕೊಂಡು, ಒಳಗಿನ ಕಪಾಟಿನಲ್ಲಿ ಅಮ್ಮನ ಚಪ್ಪಲಿಯ ಪಕ್ಕ ಇಟ್ಟಳು. ಈ ಸಲ ಅಮ್ಮನ ಮುಖ ನೋಡಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಕನ್ನಡದಲ್ಲೇ ಕೇಳಿದಳು.

"ಅಂಕಲ್, ಸಾಯಂಕಾಲ ನೀವು ಹೋಗ್ಲೇಬೇಕಾ?"